ಅಳತೆಕೋಲಿಗೆ ತಕ್ಕ ಟಾರ್ಗೆಟ್

2021ರ ಫೆಬ್ರವರಿ 16ರಂದು ನಿಫ್ಟಿ 15,431ರವರೆಗೆ ಹೋಗಿ ತಿರುಗಿತು. ಏಪ್ರಿಲ್‌ನಲ್ಲಿ 14,151ಕ್ಕೆ ಇಳಿದು, ಮತ್ತೆ ಆ ಹಳೆಯ ಮಟ್ಟವನ್ನು ಮುಟ್ಟಲು ಮೇ ತಿಂಗಳ ಕೊನೆಯಾಯಿತು. ಷೇರು ಪೇಟೆಯಲ್ಲಿ ಫಿಬೊನಾಚಿ ಗೆರೆಗಳನ್ನು ನಂಬುವವರಿಗೆ ಹೇಳಿ ಮಾಡಿಸಿದಂಥ ಉದಾಹರಣೆ ಇದು. ಈ ವಿದ್ಯೆಯನ್ನು ಪ್ರಶ್ನಿಸಲು ಹೊರಟವರು ಅದು ಸೋತ ಜಾಗದಿಂದ ಶುರುಮಾಡಿದರೆ ಸುಲಭ. ನಾನು ಅದು ಗೆದ್ದ ಜಾಗದಿಂದಲೇ ಶುರುಮಾಡುತ್ತೇನೆ.

ಲೆಕ್ಕ ಹೀಗಿದೆ. 2020ರ ಜನವರಿ 20ರಂದು ನಿಫ್ಟಿ ತಲುಪಿದ ಗರಿಷ್ಠ ಮಟ್ಟ 12,430. ಕೊರೊನಾ ಲಾಕ್‌ಡೌನ್ ಘೋಷಣೆಯಾದ ಮಾರ್ಚ್ 24ರಂದು ಕಂಡ ಕನಿಷ್ಠ ಮಟ್ಟ 7,511. ನಡುವಿನ ಅಂತರ 4,919 ಅಂಶ. ಈ ಅಂತರವನ್ನು 1.618ರಿಂದ ಗುಣಿಸಿ ತಳಕ್ಕೆ ಕೂಡಿಸಿದರೆ 15,471 ಬರುತ್ತದೆ. ಪೇಟೆ ತಿರುಗಿದ್ದು 15,431ರಲ್ಲಿ. ಹನ್ನೊಂದು ತಿಂಗಳ ಓಟದ ನಂತರ ವ್ಯತ್ಯಾಸ ಬರೀ 40 ಅಂಶ. ಇಷ್ಟೇ ಅಲ್ಲ. ಅದೇ ಅಂತರವನ್ನು 1.272ರಿಂದ ಗುಣಿಸಿ ತಳಕ್ಕೆ ಕೂಡಿಸಿದರೆ 13,769. 2020ರ ಡಿಸೆಂಬರ್ 21ರಂದು ನಿಫ್ಟಿ 13,777 ಮುಟ್ಟಿ, ಅಂದೇ 432 ಅಂಶ ಕಳೆದುಕೊಂಡು ದಿನ ಮುಗಿಸಿತು. ಒಂದೇ ಜೋಡಿ ಬಿಂದುಗಳಿಂದ ಎರಡು ಟಾರ್ಗೆಟ್, ಎರಡೂ ಕೂದಲೆಳೆಯ ಅಂತರದಲ್ಲಿ. ಇದನ್ನು ತೋರಿಸಿದವರ ಮುಂದೆ ಯಾರಾದರೂ ಒಂದು ಕ್ಷಣ ಸುಮ್ಮನಾಗಲೇಬೇಕು.

ಸುಮ್ಮನಾದ ಮೇಲೆ ಅದೇ 4,919ನ್ನು 1.609ರಿಂದಲೂ ಒಮ್ಮೆ ಗುಣಿಸಿ ನೋಡಿ. 15,426 ಬರುತ್ತದೆ. ನಿಜವಾದ ತುದಿಗೆ ಬರೀ ಐದು ಅಂಶ ದೂರ. ಫಿಬೊನಾಚಿಗಿಂತ ಎಂಟು ಪಟ್ಟು ನಿಖರ. ಈ 1.609 ಏನು ಗೊತ್ತೇ? ಒಂದು ಮೈಲಿಗೆ ಇಷ್ಟು ಕಿಲೋಮೀಟರ್. ಬ್ರಿಟಿಷರ ಮೈಲುಗಲ್ಲಿಗೂ ಮುಂಬೈಯ ಸೂಚ್ಯಂಕಕ್ಕೂ ಏನು ಸಂಬಂಧ ಎಂದು ನೀವು ಕೇಳಿದರೆ, ಅದೇ ಪ್ರಶ್ನೆಯನ್ನು 1.618ರ ಬಗ್ಗೆಯೂ ಕೇಳಲು ನಿಮಗೆ ಹಕ್ಕಿದೆ. ಡಿಸೆಂಬರ್‌ನ 13,777ಕ್ಕೂ ಹೀಗೇ ಮಾಡಬಹುದು: ನಾಲ್ಕನ್ನು ಪೈಯಿಂದ ಭಾಗಿಸಿದರೆ 1.273, ಅದರಿಂದ ಬರುವುದು 13,775. ಇದೂ 1.272ಕ್ಕಿಂತ ಹತ್ತಿರ.

ಈ ಅನುಪಾತಕ್ಕೆ ಹೀಗೊಂದು ಗತ್ತು ಎಲ್ಲಿಂದ ಬಂತು ಎಂಬುದು ಆಮೇಲಿನ ಮಾತು. ಮೊದಲು ಆ ಸಾಧನದ ಪರಿಚಯ ಆಗಿಬಿಡಲಿ. ಷೇರು ವಹಿವಾಟಿನ ಯಾವ ಆ್ಯಪ್ ತೆರೆದರೂ ಚಾರ್ಟಿನ ಪಕ್ಕದಲ್ಲಿ ಅದು ಇದ್ದೇ ಇರುತ್ತದೆ. ಒಂದು ತಳ, ಒಂದು ತುದಿ ಮುಟ್ಟಿ ತೋರಿಸಿದರೆ ಸಾಕು, ಬಣ್ಣಬಣ್ಣದ ಅಡ್ಡಗೆರೆಗಳು ತಾವಾಗಿ ಬೀಳುತ್ತವೆ. ಒಳಗಡೆಯವು 23.6, 38.2, 50, 61.8, 78.6. ಇವು ರಿಟ್ರೇಸ್‌ಮೆಂಟ್, ಏರಿದ ಬೆಲೆ ಎಷ್ಟು ಇಳಿದು ನಿಲ್ಲಬಹುದು, ಇಳಿದ ಬೆಲೆ ಎಷ್ಟು ಏರಿ ನಿಲ್ಲಬಹುದು ಎಂದು ಹೇಳಲು. ಹೊರಗಡೆಯವು 127.2, 161.8, 261.8. ಇವು ಎಕ್ಸ್‌ಟೆನ್ಷನ್, ಹಳೆಯ ತುದಿಯನ್ನು ದಾಟಿದ ಬೆಲೆ ಎಲ್ಲಿಯವರೆಗೆ ಹೋದೀತು ಎಂಬ ಟಾರ್ಗೆಟ್ ಹೇಳಲು. ಸಂಖ್ಯೆಗಳ ಹುಟ್ಟು ಸರಳವಾದದ್ದು. 0.618ರ ವರ್ಗ 0.382, ಘನ 0.236, ವರ್ಗಮೂಲ 0.786. 1.618ರ ವರ್ಗಮೂಲ 1.272, ವರ್ಗ 2.618, ಘನ 4.236. ಸಾಲದು ಎನ್ನುವವರಿಗೆ 0.618ರ ನಾಲ್ಕನೆಯ ಮೂಲ 0.886 ಇದೆ. ಶೇಕಡಾ 50 ಮಾತ್ರ ಈ ಕುಟುಂಬದ್ದಲ್ಲ. ಅದು ಡೌ ಸಿದ್ಧಾಂತದ ಕಡೆಯಿಂದ ಬಂದ ರೂಢಿ. ಅದನ್ನೂ ಕರೆದು ಪಂಕ್ತಿಯಲ್ಲಿ ಕೂರಿಸಿದ್ದಾರೆ.

1.618 ಎಂಬ ಸುವರ್ಣ ಅನುಪಾತ ಸಿಗುವುದು ಫಿಬೊನಾಚಿ ಸರಣಿಯ ಒಂದೊಂದು ಸಂಖ್ಯೆಯನ್ನೂ ಅದರ ಹಿಂದಿನದರಿಂದ ಭಾಗಿಸುತ್ತ ಹೋದಾಗ. ಈ ಸರಣಿ ಕನ್ನಡ ಓದಿದವರಿಗೆ ಹೊಸದೇನಲ್ಲ, ಹೆಸರು ಮಾತ್ರ ಹೊಸದು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದನ್ನು ನೆನಪಿಸಿಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು ಲಘು, ಗುರು ಆಮೇಲೆ ಲಘು, ಲಘು ಆಮೇಲೆ ಗುರು. ಒಟ್ಟು ಮೂರು. ನಾಲ್ಕು ಮಾತ್ರೆಗೆ ಐದು ಬಗೆ. ಐದು ಮಾತ್ರೆಗೆ ಎಂಟು. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ಗಣಗಳಲ್ಲೂ ವಾರ್ಧಕದ ಐದರ ಗಣಗಳಲ್ಲೂ ಈ ಸಂಖ್ಯೆಗಳು ಅಡಗಿಕೊಂಡಿವೆ. ಕಾರಣವನ್ನು ಯಾರಿಗಾದರೂ ಎರಡು ನಿಮಿಷದಲ್ಲಿ ವಿವರಿಸಬಹುದು. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು, ಗುರುವಿನಲ್ಲಿ ಮುಗಿದರೆ ಮೂರು ಮಾತ್ರೆ ಇರಬೇಕು. ನಾಲ್ಕು ಮಾತ್ರೆಯ ಐದು ಬಗೆ, ಮೂರು ಮಾತ್ರೆಯ ಮೂರು ಬಗೆ, ಕೂಡಿದರೆ ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ನಿಯಮ ಇಲ್ಲಿ ಯಾರೋ ಹೊರಗಿನಿಂದ ಹೇರಿದ್ದಲ್ಲ, ಎಣಿಕೆಯೇ ಹಾಗೆ ಕೇಳುತ್ತದೆ. ಛಂದಸ್ಸಿನ ಪಂಡಿತರಾದ ವಿರಹಾಂಕ, ಗೋಪಾಲ ಇದನ್ನು ಕಂಡಿದ್ದರು; ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ 1150ರ ಸುಮಾರಿಗೆ ಸ್ಪಷ್ಟವಾಗಿ ಬರೆದ.

ಪೀಸಾ ಊರಿನ ಲಿಯೊನಾರ್ಡೊ ತನ್ನ ‘ಲಿಬೆರ್ ಅಬಾಚಿ’ ಬರೆದದ್ದು 1202ರಲ್ಲಿ. ಫಿಬೊನಾಚಿ ಎಂಬ ಹೆಸರು ಅವನಿಗೆ ಅಂಟಿದ್ದು ಶತಮಾನಗಳ ಮೇಲೆ. ಒಂದು ಜೋಡಿ ಮೊಲ ತಿಂಗಳಿಗೊಂದು ಜೋಡಿ ಮರಿ ಹಾಕುತ್ತ ಹೋದರೆ ವರ್ಷದ ಕೊನೆಗೆ ಎಷ್ಟು ಜೋಡಿ ಎಂಬ ಅವನ ಲೆಕ್ಕಕ್ಕೆ ಉತ್ತರ 377. ತಮಾಷೆ ಎಂದರೆ ಆ ಪುಸ್ತಕ ಬರೆದದ್ದೇ ವ್ಯಾಪಾರಿಗಳ ಉಪಯೋಗಕ್ಕೆ. ನಮ್ಮ ಅಂಕಿಗಳನ್ನು ಬಳಸಿ ಸರಕಿನ ಬೆಲೆ ಕಟ್ಟುವುದು, ನಾಣ್ಯ ಬದಲಿಸುವುದು, ಪಾಲುದಾರರಿಗೆ ಲಾಭ ಹಂಚುವುದು, ಎಲ್ಲಕ್ಕೂ ಅದರಲ್ಲಿ ಪುಟಗಟ್ಟಲೆ ಉದಾಹರಣೆಗಳಿವೆ. ಅಷ್ಟೆಲ್ಲ ವ್ಯಾಪಾರ ಬಲ್ಲವನು ಮೊಲದ ಲೆಕ್ಕವನ್ನು ಮೊಲದ ಲೆಕ್ಕವಾಗಿಯೇ ಬಿಟ್ಟ. ಬೆಲೆಗೆ ಅದನ್ನು ಹಚ್ಚುವ ಯೋಚನೆ ಅವನದಲ್ಲ.

ಹಚ್ಚಿದವನು ಅಮೆರಿಕದ ರಾಲ್ಫ್ ನೆಲ್ಸನ್ ಎಲಿಯಟ್. ವೃತ್ತಿಯಿಂದ ಅಕೌಂಟೆಂಟ್, ಮಧ್ಯ ಅಮೆರಿಕದ ರೈಲ್ವೆಗಳಲ್ಲಿ ಕೆಲಸ ಮಾಡಿದವನು. ಕಾಯಿಲೆ ಬಿದ್ದು ಮನೆ ಸೇರಿದ ಮೇಲೆ ಪೇಟೆಯ ಹಳೆಯ ಚಾರ್ಟುಗಳನ್ನು ಹರಡಿಕೊಂಡು ಕೂತ. ಏರಿಕೆಯಲ್ಲಿ ಐದು ಅಲೆ, ಇಳಿಕೆಯಲ್ಲಿ ಮೂರು ಎಂಬ ಅವನ ಸಿದ್ಧಾಂತ 1938ರಲ್ಲಿ ಪುಸ್ತಕವಾಯಿತು. ಅಲೆಗಳ ಎಣಿಕೆಗೂ ಫಿಬೊನಾಚಿಗೂ ನಂಟಿದೆ ಎಂದು ಅವನಿಗೆ ಸುಳಿವು ಕೊಟ್ಟವನು ಅವನ ಬೆಂಬಲಿಗ ಚಾರ್ಲ್ಸ್ ಕಾಲಿನ್ಸ್. 1946ರಲ್ಲಿ ಎಲಿಯಟ್ ಬರೆದ ಕೊನೆಯ ಪುಸ್ತಕದ ಹೆಸರೇ ‘ನೇಚರ್ಸ್ ಲಾ’, ಅಂದರೆ ಪ್ರಕೃತಿಯ ನಿಯಮ. ಗೀಜಾದ ಪಿರಮಿಡ್ಡೂ ಅದರಲ್ಲಿ ಬಂದು ಹೋಗುತ್ತದೆ. ಒಬ್ಬ ಅಕೌಂಟೆಂಟಿನ ತಾಳ್ಮೆಯ ಕೆಲಸ ಅಷ್ಟು ಹೊತ್ತಿಗೆ ವಿಶ್ವದ ರಹಸ್ಯವಾಗಿ ಬೆಳೆದಿತ್ತು.

ಪ್ರಕೃತಿಯ ಮಾತು ಬಂದಾಗಲೆಲ್ಲ ಸೂರ್ಯಕಾಂತಿಯ ಚಿತ್ರ ತೋರಿಸುವುದು ರೂಢಿ. ಹೌದು, ಸೂರ್ಯಕಾಂತಿಯ ಬೀಜಗಳ ಸುರುಳಿ ಎಣಿಸಿದರೆ ಸಾಮಾನ್ಯವಾಗಿ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಸಿಗುತ್ತವೆ. ಅದಕ್ಕೊಂದು ಕಾರಣವಿದೆ. ಹೊಸ ಮೊಗ್ಗು ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುತ್ತದೆ. ಇಕ್ಕಟ್ಟಿನಲ್ಲಿ ಎಲ್ಲಕ್ಕೂ ಜಾಗ ಸಿಗಬೇಕಾದರೆ ಆ ಕೋನ ಎಲ್ಲಕ್ಕಿಂತ ಅನುಕೂಲ. ಫ್ರಾನ್ಸಿನ ಭೌತವಿಜ್ಞಾನಿಗಳಾದ ಡೌಡಿ ಮತ್ತು ಕೂಡೆ 1992ರಲ್ಲಿ ಗಿಡವೇ ಇಲ್ಲದೆ ಇದನ್ನು ಮಾಡಿ ತೋರಿಸಿದರು. ಒಂದನ್ನೊಂದು ದೂರ ತಳ್ಳುವ ಕಾಂತೀಯ ದ್ರವದ ಹನಿಗಳನ್ನು ಒಂದಾದ ಮೇಲೊಂದು ತಟ್ಟೆಯ ನಡುವೆ ಬಿಟ್ಟರು. ಹನಿಗಳು ತಮ್ಮಷ್ಟಕ್ಕೆ ಅದೇ ಸುರುಳಿಯಲ್ಲಿ ಕೂತವು. ಛಂದಸ್ಸಿನಲ್ಲಿ ಎಣಿಕೆಯ ಕಾರಣ, ಸೂರ್ಯಕಾಂತಿಯಲ್ಲಿ ಜಾಗದ ಕಾರಣ.

ಪೇಟೆಯಲ್ಲಿ ಏನು ಕಾರಣ? ಬೆಲೆ ಹುಟ್ಟುವುದು ಕೊಳ್ಳುವ ಮತ್ತು ಮಾರುವ ಆರ್ಡರುಗಳು ಎದುರುಬದುರಾದಾಗ. ತಿಂಗಳ ಮೊದಲ ವಾರದ ಎಸ್‌ಐಪಿ ಹಣ, ವಿದೇಶಿ ಫಂಡುಗಳ ಮಾರಾಟ, ಎಲ್‌ಐಸಿಯ ಖರೀದಿ, ಸಾಲದ ಮೇಲೆ ಷೇರು ಕೊಂಡವನ ಗಾಬರಿ, ಎಲ್ಲ ಅಲ್ಲಿ ಸೇರುತ್ತವೆ. ಈ ಗದ್ದಲದಲ್ಲಿ ಎಲ್ಲೂ ಹಿಂದಿನ ಎರಡು ಬೆಲೆ ಕೂಡಿ ಮುಂದಿನ ಬೆಲೆಯಾಗಬೇಕು ಎಂಬ ಕಟ್ಟುಪಾಡಿಲ್ಲ. ‘ಮನುಷ್ಯನೂ ಪ್ರಕೃತಿಯ ಭಾಗ, ಆದ್ದರಿಂದ ಅವನ ಮನಸ್ಸೂ 1.618ರಲ್ಲಿ ಮಿಡಿಯುತ್ತದೆ’ ಎಂಬ ಉತ್ತರ ಕೇಳಲು ಇಂಪಾಗಿದೆ. ಹಾಗಾದರೆ ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆಯೂ ಆ ಗೆರೆಗಳಲ್ಲೇ ನಿಲ್ಲಬೇಕಿತ್ತು. ಕೋಲಾರದ ರೈತನನ್ನು ಕೇಳಿದರೆ ಮಳೆ, ರೋಗ, ಲಾರಿ ಬಾಡಿಗೆ ಎನ್ನುತ್ತಾನೆ. ಆ ಡಿಸೆಂಬರ್ 21ರ ಕುಸಿತಕ್ಕೂ ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ಬ್ರಿಟನ್ನಿನಲ್ಲಿ ಕೊರೊನಾದ ಹೊಸ ತಳಿ ಕಂಡು ವಿಮಾನಗಳು ರದ್ದಾಗುತ್ತಿದ್ದವು. ವೈರಸ್ಸು ರೂಪ ಬದಲಿಸುವ ಮೊದಲು ನಿಫ್ಟಿಯ 127.2ರ ಗೆರೆ ನೋಡಿಕೊಂಡಿರಲಿಲ್ಲ. ಮುಂದಿನ ವಾರವೇ ಪೇಟೆ ಆ ಗೆರೆಯನ್ನು ದಾಟಿ ಮುಂದೆ ಹೋಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವುದು ಇಂಥ ಸಂದರ್ಭಕ್ಕೇ.

ಆದರೂ ‘ಎರಡು ಸಲ ತಾಳೆಯಾಯಿತಲ್ಲ’ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಆ ಏರಿಕೆಯ ಉಳಿದ ತಿರುವುಗಳನ್ನೂ ನೋಡಬೇಕು. 2020ರ ಏಪ್ರಿಲ್ 30ರಂದು ನಿಫ್ಟಿ 9,889ರಲ್ಲಿ ತಿರುಗಿ ಸಾವಿರ ಅಂಶಕ್ಕೂ ಹೆಚ್ಚು ಬಿತ್ತು. ಜೂನ್ 8ರಂದು 10,328ರಲ್ಲಿ ತಿರುಗಿ ನಾಲ್ಕೇ ದಿನದಲ್ಲಿ 9,544ಕ್ಕೆ ಬಂತು. ಆಗಸ್ಟ್ 31ರಂದು 11,794ರಲ್ಲಿ ತಿರುಗಿ ಮತ್ತೆ ಸಾವಿರ ಅಂಶ ಕಳೆದುಕೊಂಡಿತು. ಜನವರಿಯಿಂದ ಮಾರ್ಚ್‌ವರೆಗಿನ ಕುಸಿತದ ಲೆಕ್ಕದಲ್ಲಿ ಇವು ಕ್ರಮವಾಗಿ ಶೇಕಡಾ 48.3, 57.3, 87.1. ಯಾವುದೂ ಗೆರೆಯ ಮೇಲಿಲ್ಲ. ಎಲ್ಲಕ್ಕಿಂತ ಪವಿತ್ರವೆಂದು ಹೇಳುವ 61.8ರ ಗೆರೆ 10,551ರಲ್ಲಿತ್ತು. ಜೂನ್‌ನ ತಿರುವು ಅದಕ್ಕೆ 223 ಅಂಶ ಕೆಳಗೇ ಆಗಿಹೋಯಿತು, ಜುಲೈ ಮೊದಲ ವಾರದಲ್ಲಿ ಪೇಟೆ ಆ ಗೆರೆಯನ್ನು ದಾಟಿತು. ಮುಂದೆ 2021ರ ಅಕ್ಟೋಬರ್‌ನ ದೊಡ್ಡ ತುದಿ 18,604 ಬಂದದ್ದು ಶೇಕಡಾ 225.5ರಲ್ಲಿ.

ಇಲ್ಲಿ ಫಿಬೊನಾಚಿ ಪಂಡಿತರು ಸೋಲೊಪ್ಪುವುದಿಲ್ಲ. 48.3 ಎಂದರೆ ಐವತ್ತೇ. 87.1 ಎಂದರೆ 88.6 ಇದೆಯಲ್ಲ. 225.5ಕ್ಕೆ 223.6 ಇದೆ, ಐದರ ವರ್ಗಮೂಲ, ಅದಕ್ಕೂ ಈ ಮನೆತನದ ನಂಟುಂಟು. ಉಳಿದದ್ದು ಜೂನ್‌ನ 57.3. ಅದಕ್ಕೂ ಪರಿಹಾರವಿದೆ: ಚಾರ್ಟನ್ನು ಸಾಮಾನ್ಯ ಅಳತೆಯಿಂದ ಲಾಗ್ ಅಳತೆಗೆ ಬದಲಿಸಿ. ಬೆಲೆಯನ್ನು ಅಂಶಗಳಲ್ಲಿ ಅಳೆಯುವ ಬದಲು ಶೇಕಡಾವಾರು ಏರಿಳಿತದಲ್ಲಿ ಅಳೆಯುವ ಕ್ರಮ ಅದು, ದೀರ್ಘಾವಧಿಗೆ ಅದೇ ಸರಿ ಎಂದು ಹೇಳುವವರು ಬಹಳ. ಲಾಗ್ ಅಳತೆಯಲ್ಲಿ 61.8ರ ಗೆರೆ 10,254ಕ್ಕೆ ಇಳಿಯುತ್ತದೆ. ಜೂನ್‌ನ 10,328 ಅದರ ಪಕ್ಕದಲ್ಲೇ ಇದೆ. ಸೋತಿದ್ದ ಗೆರೆ ಗೆದ್ದಿತು.

ನಿಲ್ಲಿ, ಅದೇ ಲಾಗ್ ಅಳತೆಯಲ್ಲಿ ನಮ್ಮ ಮೊದಲಿನ ಎರಡು ಗೆಲುವುಗಳು ಏನಾದವು? 127.2ರ ಗೆರೆ 14,256ಕ್ಕೆ ಹೋಗುತ್ತದೆ, 161.8ರ ಗೆರೆ 16,970ಕ್ಕೆ. ಡಿಸೆಂಬರ್‌ನ 13,777ಕ್ಕೂ ಫೆಬ್ರವರಿಯ 15,431ಕ್ಕೂ ಆಗ ಯಾವ ಅರ್ಥವೂ ಉಳಿಯುವುದಿಲ್ಲ. ಜೂನನ್ನು ಉಳಿಸಿದ ಅಳತೆಕೋಲು ಫೆಬ್ರವರಿಯನ್ನು ಮುಳುಗಿಸುತ್ತದೆ. ಇನ್ನೊಂದು ಪದ್ಧತಿಯೂ ಇದೆ, ಮೂರು ಬಿಂದುಗಳದ್ದು: ತಳ 7,511, ಮೊದಲ ತುದಿ 10,328, ಮರಳಿ ಇಳಿದ 9,544. ಮೊದಲ ಏರಿಕೆಯ 1.618 ಪಟ್ಟನ್ನು ಮೂರನೆಯ ಬಿಂದುವಿಗೆ ಕೂಡಿಸಬೇಕು. ಟಾರ್ಗೆಟ್ 14,103 ಬರುತ್ತದೆ. ಪುಸ್ತಕಗಳು ಹೇಳುವ ಮೂರೂ ಕ್ರಮಗಳೂ ನಿಯಮಬದ್ಧವೇ, ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ, ಪೇಟೆ ಎಲ್ಲಿ ತಿರುಗಿದರೂ ಯಾವುದೋ ಒಂದು ‘ನಾನು ಹೇಳಿರಲಿಲ್ಲವೇ’ ಎನ್ನುತ್ತದೆ.

ಇದನ್ನು ಸ್ವಲ್ಪ ಅಂಕಿಯಲ್ಲಿ ಹಿಡಿಯಬಹುದು. ಸೊನ್ನೆಯಿಂದ ನೂರರ ನಡುವೆ ಆರು ಗೆರೆಗಳಿವೆ ಎಂದುಕೊಳ್ಳಿ: 23.6, 38.2, 50, 61.8, 78.6, 88.6. ಗೆರೆಯಿಂದ ಶೇಕಡಾ ಎರಡು ಆಚೀಚೆ ಆದರೂ ತಾಳೆಯಾಯಿತು ಎಂದು ಒಪ್ಪೋಣ. ನಮ್ಮ ನಿಫ್ಟಿ ಉದಾಹರಣೆಯಲ್ಲಿ ಅದು ಆಚೆಗೆ ನೂರು, ಈಚೆಗೆ ನೂರು ಅಂಶ. ಚಾರ್ಟಿನ ಮೇಲೆ ದಪ್ಪ ಗೆರೆಯಷ್ಟೆ. ಆರು ಗೆರೆಗೆ ತಲಾ ನಾಲ್ಕರಂತೆ ನೂರರಲ್ಲಿ 24 ಭಾಗ ‘ಸರಿ ಉತ್ತರ’ವಾಯಿತು. ಕಣ್ಣುಮುಚ್ಚಿ ಒಂದು ಬಿಂದು ಇಟ್ಟರೂ ನಾಲ್ಕರಲ್ಲಿ ಒಂದು ಸಲ ತಾಳೆಯಾಗುತ್ತದೆ. ಈಗ ತಳ-ತುದಿಯ ಜೋಡಿಯನ್ನು ನಾಲ್ಕು ಬಗೆಯಲ್ಲಿ ಆರಿಸುವ ಸ್ವಾತಂತ್ರ್ಯ ಕೊಡಿ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಳ್ಳಿ. ನಾಲ್ಕೂ ತಪ್ಪುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಸಲ ಕನಿಷ್ಠ ಒಂದಾದರೂ ಗೆರೆ ‘ಕೆಲಸ ಮಾಡುತ್ತದೆ’. ಈ ಸಾಧನ ಬಳಸುವವರಿಗೆ ಅದು ಕೆಲಸ ಮಾಡುತ್ತದೆ ಎಂಬ ಅನುಭವ ಪ್ರಾಮಾಣಿಕವಾಗಿಯೇ ಆಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಾಣುತ್ತಿರುವುದು ಯಾವ ಗೆರೆಗಳಿಂದಲೂ ಕಾಣಬಹುದಾದ ತಾಳೆ, ಅಷ್ಟೆ.

ಹಾಗಾದರೆ ಎಣಿಸಿ ನೋಡಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಲಂಡನ್ನಿನ ಕ್ಯಾಸ್ ಬಿಸಿನೆಸ್ ಸ್ಕೂಲಿನ ರಾಯ್ ಬ್ಯಾಚಲರ್ ಮತ್ತು ರಿಚರ್ಡ್ ರಾಮ್ಯಾರ್ 2006ರಲ್ಲಿ ಡೌ ಜೋನ್ಸ್ ಸೂಚ್ಯಂಕದ ದಶಕಗಳ ಏರಿಳಿತಗಳನ್ನು ತೆಗೆದುಕೊಂಡರು. ತಿರುವುಗಳನ್ನು ಕಣ್ಣಳತೆಯಿಂದ ಆರಿಸಲಿಲ್ಲ, ಮೊದಲೇ ಬರೆದಿಟ್ಟ ನಿಯಮದಿಂದ ಆರಿಸಿದರು. ಒಂದು ಓಟಕ್ಕೂ ಅದರ ಹಿಂದಿನ ಓಟಕ್ಕೂ ಇರುವ ಅನುಪಾತ ಫಿಬೊನಾಚಿ ಸಂಖ್ಯೆಗಳ ಹತ್ತಿರ ಹೆಚ್ಚು ಸಲ ಬೀಳುತ್ತದೆಯೇ ಎಂದು ನೋಡಿದರು. ಆಕಸ್ಮಿಕವಾಗಿ ಬೀಳಬೇಕಾದಷ್ಟೇ ಬೀಳುತ್ತಿತ್ತು. ಪೇಟೆಯಲ್ಲಿ ಇದ್ದವರ ಅನುಭವ ದೊಡ್ಡದೋ ಎಣಿಕೆ ದೊಡ್ಡದೋ ಎಂದು ಕೇಳುವವರಿಗೆ ನನ್ನ ಉತ್ತರ ಎಣಿಕೆಯ ಕಡೆಗಿದೆ; ಏಕೆಂದರೆ ಅನುಭವ ಗೆದ್ದದ್ದನ್ನು ನೆನಪಿಟ್ಟುಕೊಂಡು ಸೋತದ್ದನ್ನು ಮರೆಯುತ್ತದೆ.

ಮರೆಯಲಾಗದ ಸೋಲುಗಳೂ ಇವೆ. ಎಲಿಯಟ್‌ನನ್ನು ಹೊಸ ತಲೆಮಾರಿಗೆ ಮುಟ್ಟಿಸಿದವರು ಅಮೆರಿಕದ ರಾಬರ್ಟ್ ಪ್ರೆಕ್ಟರ್. 1978ರಲ್ಲಿ ಎ.ಜೆ. ಫ್ರಾಸ್ಟ್ ಜೊತೆ ಅವರು ಬರೆದ ಪುಸ್ತಕ ಇಂದಿಗೂ ಈ ಪಂಥದ ಆಕರ ಗ್ರಂಥ. ಎಂಬತ್ತರ ದಶಕದ ದೊಡ್ಡ ಏರಿಕೆಯನ್ನು ಅವರು ಸರಿಯಾಗಿಯೇ ಮುಂಗಂಡರು, ಅದರಿಂದ ಹೆಸರುವಾಸಿಯಾದರು. 2010ರ ಜುಲೈನಲ್ಲಿ ಡೌ 9,700ರ ಆಸುಪಾಸಿನಲ್ಲಿದ್ದಾಗ ಅವರು ಹೇಳಿದ್ದು, ಐದಾರು ವರ್ಷಗಳಲ್ಲಿ ಅದು 1,000ಕ್ಕಿಂತ ಕೆಳಗೆ ಹೋಗಬಹುದು ಎಂದು. 2016ರ ಕೊನೆಗೆ ಡೌ 19,700ರ ಮೇಲಿತ್ತು. ವ್ಯಕ್ತಿಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅಲೆಗಳನ್ನು ಅವರಿಗಿಂತ ಚೆನ್ನಾಗಿ ಎಣಿಸಬಲ್ಲವರು ಇಲ್ಲ ಎಂಬುದು ಅವರ ಶಿಷ್ಯರ ಮಾತು. ಅಂಥವರ ಕೈಯಲ್ಲೇ ಇದು ಹೀಗಾದರೆ, ವಾರಾಂತ್ಯದ ಎರಡು ದಿನದ ಕೋರ್ಸ್ ಮುಗಿಸಿದವನ ಕೈಯಲ್ಲಿ ಏನಾದೀತು?

ಈ ವಿದ್ಯೆಯ ಪರವಾಗಿ ಇರುವ ಗಟ್ಟಿ ವಾದ ಬೇರೆಯದೇ. ‘ಸಂಖ್ಯೆಯಲ್ಲಿ ಏನೂ ಇಲ್ಲದಿರಬಹುದು. ಆದರೆ ಲಕ್ಷಾಂತರ ಜನ ಅದೇ ಗೆರೆ ನೋಡುತ್ತಾರೆ, ಅಲ್ಲೇ ಆರ್ಡರ್ ಹಾಕುತ್ತಾರೆ, ಆದ್ದರಿಂದ ಬೆಲೆ ಅಲ್ಲಿ ತಿರುಗುತ್ತದೆ.’ ಇದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕ್ ಫೆಡರಲ್ ರಿಸರ್ವ್‌ನಲ್ಲಿದ್ದ ಕ್ಯಾರಲ್ ಓಸ್ಲರ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದೇಶಿ ವಿನಿಮಯ ಪೇಟೆಯ ಸಂಸ್ಥೆಗಳು ಮೊದಲೇ ಕೊಟ್ಟ ಸಪೋರ್ಟ್ ಮತ್ತು ರೆಸಿಸ್ಟೆನ್ಸ್ ಮಟ್ಟಗಳಲ್ಲಿ ದರಗಳು ಬೇರೆ ಯಾವುದೋ ಮಟ್ಟಕ್ಕಿಂತ ಹೆಚ್ಚು ಸಲ ತಡೆದು ನಿಂತದ್ದು ಕಂಡಿತು. ಮೂರು ವರ್ಷದ ಮೇಲೆ ಅವರು ಕಾರಣವನ್ನೂ ಹುಡುಕಿದರು. ಗಿರಾಕಿಗಳು ಹಾಕುವ, ನಷ್ಟ ತಡೆಯುವ ಸ್ಟಾಪ್‌ಲಾಸ್ ಮತ್ತು ಲಾಭ ತೆಗೆಯುವ ಆರ್ಡರುಗಳು ಗುಂಪುಗೂಡುತ್ತಿದ್ದದ್ದು ದುಂಡು ಸಂಖ್ಯೆಗಳಲ್ಲಿ ಇಲ್ಲವೇ ಅವುಗಳ ಪಕ್ಕದಲ್ಲೇ, ಕೊನೆಗೆ ಸೊನ್ನೆಯಿರುವ ದರಗಳ ಸುತ್ತ. ಮನುಷ್ಯನ ಮನಸ್ಸಿಗೆ ಪ್ರಿಯವಾದದ್ದು ಮೂರು ದಶಮಾಂಶದ ಸುವರ್ಣ ಅನುಪಾತವಲ್ಲ, ನಮ್ಮ ಸಂತೆಯಲ್ಲೂ ನಡೆಯುವ ‘ಐನೂರು ಮಾಡಿಕೊಳ್ಳಿ’ ಎಂಬ ಲೆಕ್ಕ. ನಿಫ್ಟಿ ಆಪ್ಷನ್‌ಗಳ ಸ್ಟ್ರೈಕ್‌ಗಳೂ ಐವತ್ತು, ನೂರರ ಲೆಕ್ಕದಲ್ಲೇ ಇರುತ್ತವೆ. 10,551ರ ಹತ್ತಿರ ಬೆಲೆ ನಿಂತರೆ ಅದು 61.8ರ ಮಹಿಮೆಯೋ 10,500ರ ಸ್ಟ್ರೈಕಿನ ಭಾರವೋ ಎಂದು ಹೇಗೆ ಬಿಡಿಸುತ್ತೀರಿ?

ಎಲ್ಲರೂ ನಂಬಿದ್ದರಿಂದಲೇ ಕೆಲಸ ಮಾಡುವ ಗೆರೆಗೆ ಇನ್ನೊಂದು ತೊಡಕಿದೆ. 15,471ರಲ್ಲಿ ಎಲ್ಲರೂ ಮಾರುತ್ತಾರೆ ಎಂದು ನನಗೆ ಗೊತ್ತಿದ್ದರೆ ನಾನು 15,450ರಲ್ಲೇ ಮಾರುತ್ತೇನೆ. ನನಗಿಂತ ಚುರುಕಾದವನು 15,400ರಲ್ಲಿ. ನಂಬಿಕೆ ಬಲವಾದಷ್ಟೂ ಬೆಲೆ ಗೆರೆಯನ್ನು ಮುಟ್ಟುವ ಮೊದಲೇ ತಿರುಗಬೇಕು, ಗೆರೆ ತನ್ನ ನಿಖರತೆಯನ್ನು ತಾನೇ ಕಳೆದುಕೊಳ್ಳಬೇಕು. ಎಷ್ಟು ಮುಂಚೆ ಎಂಬುದಕ್ಕೆ ಫಿಬೊನಾಚಿಯಲ್ಲಿ ಉತ್ತರವಿಲ್ಲ.

ಕೊನೆಯದಾಗಿ ಅನುಭವಸ್ಥ ಟ್ರೇಡರುಗಳು ಹೇಳುವ ವಿನಯದ ಮಾತೊಂದಿದೆ: ‘ಇದು ಭವಿಷ್ಯವಲ್ಲ, ಶಿಸ್ತು. ಎಲ್ಲಿ ಹೊರಬರಬೇಕು, ಎಷ್ಟು ನಷ್ಟಕ್ಕೆ ಸಿದ್ಧನಿರಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಲು ಒಂದು ಊರುಗೋಲು.’ ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಸ್ಟಾಪ್‌ಲಾಸ್ ಹಾಕಿ ಕೂರುವವನು ಹಾಕದವನಿಗಿಂತ ಮೇಲು. ಒಪ್ಪಿದ ಕೂಡಲೇ ಅವರ ಊರುಗೋಲು ಯಾವ ಮರದ್ದಾದರೂ ನಡೆಯುತ್ತದೆ ಎಂದಾಯಿತು. ಶೇಕಡಾ 40, 60, 130 ಎಂದು ಗೆರೆ ಎಳೆದುಕೊಂಡರೂ ಶಿಸ್ತು ಅಷ್ಟೇ ಸಿಗುತ್ತದೆ. ಆದರೆ ‘ಶೇಕಡಾ 130ರ ರಹಸ್ಯ’ ಎಂಬ ಕೋರ್ಸಿಗೆ ಯಾರೂ ಹಣ ಕಟ್ಟುವುದಿಲ್ಲ. ಸೂರ್ಯಕಾಂತಿ, ಶಂಖ, ಪಿರಮಿಡ್ಡುಗಳ ಚಿತ್ರ ಬೇಕಾಗುವುದು ಅಲ್ಲಿ.

ಟಾರ್ಗೆಟ್ ಎಂಬ ಮಾತು ಅಪಾಯಕಾರಿಯಾಗುವುದು ಆಪ್ಷನ್ ಕೊಳ್ಳುವವರ ಕೈಯಲ್ಲಿ. ಗೆರೆ ಎಲ್ಲಿಗೆ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಷೇರು ಕೊಂಡಿಟ್ಟವನು ಹನ್ನೊಂದು ತಿಂಗಳು ಕಾಯಬಲ್ಲ. ವಾರದ ಎಕ್ಸ್‌ಪೈರಿಯ ಕಾಲ್ ಆಪ್ಷನ್ ಕೊಂಡವನ ಹಣ ದಿನದಿಂದ ದಿನಕ್ಕೆ ಕರಗುತ್ತದೆ. ದಿಕ್ಕು ಸರಿ, ಟಾರ್ಗೆಟ್ಟೂ ಸರಿ, ವಾರ ಮಾತ್ರ ತಪ್ಪು ಎಂದರೆ ಕೈಗೆ ಬರುವುದು ಸೊನ್ನೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹಿಂದಿನ ಮೂರು ಹಣಕಾಸು ವರ್ಷಗಳದ್ದು. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಟ್ರೇಡರುಗಳಲ್ಲಿ ಶೇಕಡಾ 93 ಮಂದಿ ಹಣ ಕಳೆದುಕೊಂಡರು, ಖರ್ಚುವೆಚ್ಚ ಸೇರಿ ತಲಾ ಸರಾಸರಿ ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರಲ್ಲಿ ಎಷ್ಟು ಜನ ಫಿಬೊನಾಚಿ ನೆಚ್ಚಿದ್ದರು ಎಂದು ವರದಿ ಹೇಳುವುದಿಲ್ಲ, ಎಲ್ಲ ನಷ್ಟವನ್ನೂ ಅದರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಚಾರ್ಟಿನ ಮೇಲಿನ ಗೆರೆಗಳು ಜನಸಾಮಾನ್ಯರಿಗೆ ಗೆಲುವು ತಂದುಕೊಡುವ ವಿದ್ಯೆಯೇ ಆಗಿದ್ದರೆ, ಪ್ರತಿ ಮೊಬೈಲಿನಲ್ಲೂ ಅದು ಪುಕ್ಕಟೆಯಾಗಿ ಸಿಗುವ ಈ ಕಾಲದಲ್ಲಿ ಅಂಕಿಗಳು ಹೀಗೆ ಇರುತ್ತಿರಲಿಲ್ಲ.

ಇದೇ ಸೆಬಿ 2025ರ ಜನವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಪೇಟೆಯ ಶಿಕ್ಷಣ ಮಾತ್ರ ಕೊಡುತ್ತೇವೆ ಎನ್ನುವವರು ಕಳೆದ ಮೂರು ತಿಂಗಳ ಬೆಲೆಗಳನ್ನು ಬಳಸಿ ಯಾವ ಷೇರಿನ ಬಗ್ಗೆಯೂ ಮಾತಾಡಬಾರದು ಎಂದು. ಪಾಠದ ಹೆಸರಿನಲ್ಲಿ ಟಿಪ್ಸ್ ಮಾರುವುದನ್ನು ತಡೆಯುವ ಉದ್ದೇಶ, ಒಳ್ಳೆಯದೇ. ಆದರೆ ಅದರಿಂದ ಫಿಬೊನಾಚಿ ಮೇಷ್ಟರುಗಳಿಗೆ ಅನುಕೂಲವೂ ಆಯಿತು. ಹಳೆಯ ಚಾರ್ಟಿನಲ್ಲಿ ತಳ ಯಾವುದು, ತುದಿ ಯಾವುದು ಎಂಬುದು ಮೊದಲೇ ಗೊತ್ತು. ಗೆರೆ ಅಲ್ಲಿ ಸೋಲುವ ಪ್ರಶ್ನೆಯೇ ಇಲ್ಲ. ಮಾರ್ಚ್ 24ರ 7,511 ತಳವೆಂದು ಇಂದು ಎಲ್ಲರಿಗೂ ಗೊತ್ತು. ಅಂದು ಸಂಜೆ ಲಾಕ್‌ಡೌನಿನ ಘೋಷಣೆ ಕೇಳುತ್ತ ಕೂತವರಲ್ಲಿ ಅದೇ ತಳವೆಂದು ಎಷ್ಟು ಮಂದಿ ಹೇಳಬಲ್ಲವರಾಗಿದ್ದರು?

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ, ಪವಾಡ ಮಾಡುವವರು ಅಂಗೈಯಲ್ಲಿ ಅಡಗದಂಥ ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ಕೇಳಿದ್ದು ಹಳಬರಿಗೆ ನೆನಪಿರುತ್ತದೆ. ಆ ಸವಾಲಿನ ಜಾಣತನ ಇದ್ದದ್ದು ಷರತ್ತನ್ನು ಮೊದಲೇ ಗೊತ್ತುಪಡಿಸಿದ್ದರಲ್ಲಿ. ನಿಮ್ಮ ಟೆಲಿಗ್ರಾಂ ಗುಂಪಿನಲ್ಲಿ ಯಾರಾದರೂ ಫಿಬೊನಾಚಿ ಟಾರ್ಗೆಟ್ ಹಾಕಿದರೆ ನೀವೂ ಹಾಗೇ ಕೇಳಿ. ಯಾವ ತಳದಿಂದ, ಯಾವ ತುದಿಯವರೆಗೆ? ಸಾಮಾನ್ಯ ಅಳತೆಯೋ ಲಾಗ್ ಅಳತೆಯೋ? ಎಷ್ಟು ಅಂಶದೊಳಗೆ ಬಂದರೆ ಗೆದ್ದಂತೆ, ಯಾವ ತಾರೀಖಿನೊಳಗೆ ಬರದಿದ್ದರೆ ಸೋತಂತೆ? ಉತ್ತರಗಳನ್ನು ಬರೆದಿಡಿ. ಅಂಥ ಮೂವತ್ತು ಟಾರ್ಗೆಟ್ ಕೂಡುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ.